ಡಿಸ್ಕಿನಲ್ಲಿ ಮಾತಿಗೊಂದು ಜಾಗ

ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಶಹಾಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತೇನೆ. ಮನೆ ಸುರಪುರದಲ್ಲಿ, ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಮನೆಯಲ್ಲಿ ಇರುವವರು ನಾನು ಮತ್ತು ನನ್ನ ತಂಗಿ ಇಬ್ಬರೇ. ಅವಳು ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಬಟ್ಟೆ ಹೊಲಿಯುತ್ತಾಳೆ. ಹಿಂದಿನ ಕೋಣೆಯಲ್ಲಿ ನನ್ನ ಕಂಪ್ಯೂಟರ್ ಇದೆ.

ಆ ಕಂಪ್ಯೂಟರ್ ಮಾತಾಡುತ್ತದೆ. ಅದನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ, ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಏರ್ಪಾಡು ಒಂದಿದೆ. ದನಿಯೇನೂ ಚೆಂದವಿಲ್ಲ. ಕನ್ನಡ ಓದುವಾಗ ನೆಗಡಿಯಾದವರಂತೆ ಓದುತ್ತದೆ, ಒತ್ತಕ್ಷರ ಬಂದಲ್ಲಿ ಎಡವುತ್ತದೆ. ತಂಗಿಗೆ ಅದನ್ನು ಕೇಳಿದರೆ ತಲೆನೋವು, ಕಾಗೆ ಕೂಗಿದಂತೆ ಎನ್ನುತ್ತಾಳೆ. ನನಗೆ ಮಾತ್ರ ಆ ದನಿ ಬೇಕೇ ಬೇಕು. ಅದಿಲ್ಲದಿದ್ದರೆ ನನ್ನ ಮುಂದೆ ಇರುವುದು ಬಿಸಿಗಾಳಿ ಬಿಡುವ ಒಂದು ತಗಡಿನ ಡಬ್ಬಿ, ಅಷ್ಟೆ.

ನಮ್ಮ ಕಡೆಯ ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ನಾನು ಪಾಠಗಳ ಧ್ವನಿಮುದ್ರಣ ಕೂಡಿಸುತ್ತಿದ್ದೆ. ಓದುತ್ತಿದ್ದವರು ಯಾದಗಿರಿಯಲ್ಲಿರುವ ಒಬ್ಬ ನಿವೃತ್ತ ಶಿಕ್ಷಕಿ. ನಾವೆಲ್ಲ ಅವರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ಮನೆಯಲ್ಲಿ ದಖ್ಖನಿ ಉರ್ದು ಆಡುವ ಅವರು ಜೀವನವೆಲ್ಲ ಕನ್ನಡ ಕಲಿಸಿದವರು. ಅವರು ಓದಿದರೆ ಇತಿಹಾಸದ ಒಣ ಪಾಠದಲ್ಲೂ ಯಾರೋ ಪಕ್ಕದಲ್ಲಿ ಕೂತು ಹೇಳಿದಂತೆ ಇರುತ್ತಿತ್ತು. ಫೋನಿನಲ್ಲಿ ಓದಿ ಕಳಿಸಿದರೆ ಸಾಕೆಂದು ನಾನು ಹೇಳಿದರೂ ಕೇಳದೆ, ಸಣ್ಣ ರೆಕಾರ್ಡರ್ ಒಂದನ್ನು ಇಟ್ಟುಕೊಂಡು, ಫ್ಯಾನ್ ಬಂದ್ ಮಾಡಿ, ಬೇಸಿಗೆಯಲ್ಲೂ ಬೆವರುತ್ತ ಓದುತ್ತಿದ್ದರು. ಆ ಫೈಲುಗಳು ದೊಡ್ಡವು. ಅವೆಲ್ಲ ನನ್ನ ಕಂಪ್ಯೂಟರಿನಲ್ಲಿ ಬಂದು ಕೂಡುತ್ತಿದ್ದವು.

ಆಮೇಲೆ ಅಕ್ಕೋರಿಗೆ ಗಂಟಲಿನ ಶಸ್ತ್ರಚಿಕಿತ್ಸೆ ಆಯಿತು. ಅವರು ಗುಣವಾದರು, ದನಿ ಮಾತ್ರ ತಿರುಗಿ ಬರಲಿಲ್ಲ. ಫೋನಿನಲ್ಲಿ ಈಗ ಅವರು ಮಾತಾಡಿದರೆ ಒಣ ಎಲೆ ಸರಿದಾಡಿದಷ್ಟು ಕೇಳುತ್ತದೆ. ಅಂದರೆ ನನ್ನಲ್ಲಿರುವ ಪಾಠಗಳನ್ನು ಇನ್ನೊಮ್ಮೆ ಓದಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಒಂದು ಸಂಜೆ ಅವುಗಳಲ್ಲಿ ಕೆಲವನ್ನು ಕತ್ತರಿಸಿ ಸಣ್ಣ ಭಾಗ ಮಾಡುತ್ತಿದ್ದಾಗ, ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಯಂತ್ರ ಒಮ್ಮೆ ಹೇಳಿತು. ಏನು ತುಂಬಿದೆ ಎಂದು ನೋಡುವಷ್ಟರಲ್ಲಿ ಕರೆಂಟ್ ಹೋಯಿತು. ಮರುದಿನ ಮುಂಜಾನೆ ಚಾಲೂ ಮಾಡಿದೆ. ಫ್ಯಾನ್ ತಿರುಗಿತು, ಡಿಸ್ಕು ಕರಕರ ಎಂದಿತು. ಮಾತು ಬರಲಿಲ್ಲ.

ತಂಗಿಯನ್ನು ಕರೆದೆ. ಅವಳ ಬಾಯಲ್ಲಿ ಬಟ್ಟೆಗೆ ಚುಚ್ಚುವ ಟಾಚಣಿಗಳಿದ್ದವು, ತೆಗೆದು ಹೇಳಿದಳು.

"ದಿನಾ ಬರ್ತೈತಲ್ಲ, ಆ ಪಾಸ್‌ವರ್ಡ್ ಕೇಳೋ ಡಬ್ಬಿ ಬಂದೈತಣ್ಣ."

ನಾನು ಕೀಲಿಮಣೆಯಲ್ಲಿ ಪಾಸ್‌ವರ್ಡ್ ಬಡಿದೆ. "ಈಗ?"

"ಕರ್ರಗಾತು. ತಿರುಗಿ ಅದೇ ಡಬ್ಬಿ ಬಂತು. ತಿರುಗಿ ಅದನ್ನೇ ಕೇಳಾಕತ್ತೈತಿ."

ಮತ್ತೆ ಬಡಿದೆ. ಮತ್ತೆ ಅದೇ ಆಯಿತು. ಏನಾಗಿದೆ ಎಂಬುದು ನನಗೆ ತಿಳಿಯಿತು. ಈ ಕಂಪ್ಯೂಟರ್ ಕೊಂಡಾಗ ಕೊಟ್ಟವರು ಇಡೀ ಡಿಸ್ಕನ್ನು ಒಂದೇ ತುಂಡಾಗಿ ಬಿಟ್ಟಿದ್ದರು. ವ್ಯವಸ್ಥೆಯೂ ಅದರಲ್ಲೇ, ಪಾಠಗಳೂ ಅದರಲ್ಲೇ. ಪಾಠಗಳು ಬೆಳೆಯುತ್ತ ಬೆಳೆಯುತ್ತ ಕೊನೆಯ ಅಂಗುಲದವರೆಗೂ ತುಂಬಿದ್ದವು. ವ್ಯವಸ್ಥೆ ಎದ್ದು ನಿಲ್ಲಲು ಒಂದಿಷ್ಟು ಬರೆದುಕೊಳ್ಳಬೇಕಾಗುತ್ತದೆ. ಅದಕ್ಕೆ ಚೂರೂ ಜಾಗವಿರಲಿಲ್ಲ. ಕಣ್ಣಿರುವವರಿಗಾದರೆ ಇದು ಒಂದು ಕಿರಿಕಿರಿ. ನನಗೆ ಯಂತ್ರ ಮೂಕವಾಗುವುದೆಂದರೆ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಂತೆ.

ಅವತ್ತೇ ಮಧ್ಯಾಹ್ನ ಕಾಲೇಜಿನಲ್ಲಿ ಗೋಗಿಯಿಂದ ಬರುವ ನನ್ನ ವಿದ್ಯಾರ್ಥಿನಿ ಹತ್ತಿರ ಬಂದಳು. ದ್ವಿತೀಯ ಪಿಯುಸಿ ಓದುತ್ತಿದ್ದಳು. ಅವಳಿಗೂ ಕಣ್ಣು ಕಾಣುವುದಿಲ್ಲ. ಬೆಳಕು ಕತ್ತಲೆ ಮಾತ್ರ ಗೊತ್ತಾಗುತ್ತದೆ.

"ಸರ, ಅಕ್ಕೋರ ಉಳದ ಪಾಠ ಯಾವಾಗ ಕೊಡ್ತೀರಿ? ಪರೀಕ್ಷಿ ಹತ್ತಿರ ಬಂತ್ರಿ."

"ಕೊಡ್ತೀನವ್ವ. ಕಂಪ್ಯೂಟರ್ ಸುಮ್ಮ ಕುಂತೈತಿ. ಮೊದ್ಲ ಅದನ್ನ ಮಾತಾಡಸ್ಬೇಕು."

"ಹೋಗ್ಯಾವೇನ್ರಿ ಪಾಠ?"

"ಹೋಗಿಲ್ಲ," ಎಂದೆ. ಹೋಗಿಲ್ಲ ಎಂದು ನನಗೂ ಖಾತ್ರಿ ಇರಲಿಲ್ಲ.

ರವಿವಾರ ತಂಗಿ ಮತ್ತು ನಾನು ಡಬ್ಬಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಯಾದಗಿರಿಗೆ ಹೊರಟೆವು. ಶಹಾಪುರದಲ್ಲಿ ಬಸ್ಸು ಬದಲಿಸಿದೆವು. ತಂಗಿಗೆ ಸೀಟು ಸಿಕ್ಕಿತು. ನಾನು ಡಬ್ಬಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ನಿಂತೆ. ಭೀಮಾ ನದಿಯ ಸೇತುವೆ ಬಂದಾಗ ಬಸ್ಸಿನ ಸಪ್ಪಳ ಬದಲಾಗುತ್ತದೆ, ಕಿಟಕಿಯಿಂದ ಬರುವ ಗಾಳಿಯೂ ತುಸು ತಣ್ಣಗಾಗುತ್ತದೆ. ಅಲ್ಲಿಂದ ಯಾದಗಿರಿ ದೂರವಿಲ್ಲ.

ಕಂಪ್ಯೂಟರ್ ಅಂಗಡಿಯವನು ನನ್ನನ್ನು ಬಿಟ್ಟು ತಂಗಿಯನ್ನು ಕೇಳಿದ.

"ಇವರಿಗೇನಾಗ್ಬೇಕಂತ್ರಿ?"

"ಇವರನ್ನೇ ಕೇಳ್ರಿ. ಕಂಪ್ಯೂಟರ್ ಇವರದು," ಎಂದಳು ತಂಗಿ.

ನಾನು ಆದದ್ದನ್ನು ಹೇಳಿದೆ. ಅವನು ಕೇಳಿಸಿಕೊಂಡ. ಒರಟು ಮನುಷ್ಯನಲ್ಲ, ನಮಗಿಬ್ಬರಿಗೂ ಚಹಾ ತರಿಸಿದ.

"ಸಾದಾ ಕೆಲಸ ಅದ ಸರ. ಪೂರಾ ಸಾಫ್ ಮಾಡಿ ಹೊಸಾದು ಹಾಕಿ ಕೊಡ್ತೀನಿ. ಸಂಜಿಗಿ ಒಯ್ರಿ."

"ಅದರಾಗಿನ ಪಾಠ?"

"ಬಂದಷ್ಟು ತಗೀತೀನಿ. ಗ್ಯಾರಂಟಿ ಕೊಡಾಕ ಬರಂಗಿಲ್ರಿ. ಇಲ್ಲಾಂದ್ರ ಒಂದಿಷ್ಟು ಪಾಠ ಅಳಿಸಿ ಜಾಗ ಮಾಡಿ ಕೊಡ್ತೀನಿ, ಹಾಂಗೇ ನಡೀತದ."

ಒಂದಿಷ್ಟು ಅಳಿಸಿದರೆ ಮಾತು ಬರುವುದು ನಿಜ. ಆದರೆ ಎಷ್ಟು ದಿನ? ಹೊಸ ಪಾಠ ಬರುತ್ತದೆ, ಮತ್ತೆ ತುಂಬುತ್ತದೆ, ಮತ್ತೆ ಮೂಕ. ಪ್ರತಿ ಸಲ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿಕೊಂಡು ಇಲ್ಲಿಗೆ ಬಂದು, ಚಹಾ ಕುಡಿದು, ಯಾವ ಪಾಠ ಅಳಿಸಲಿ ಎಂದು ಹೇಳಬೇಕು. ಅಕ್ಕೋರ ದನಿಯಲ್ಲಿ ಅಳಿಸುವಂಥದ್ದು ನನ್ನ ಹತ್ತಿರ ಒಂದೂ ಇರಲಿಲ್ಲ.

"ನಾನೇ ಮಾಡ್ಕೋತೀನಿ," ಎಂದೆ. "ಡಿಸ್ಕನ್ನ ಬ್ಯಾರೆ ಬ್ಯಾರೆ ತುಂಡು ಮಾಡಿ ಹೊಸದಾಗಿ ಹಾಕ್ತೀನಿ. ನನಗೊಂದು ಹೊರಗಿನ ಡಿಸ್ಕು, ಒಂದು ಪೆನ್‌ಡ್ರೈವ್ ಕೊಡ್ರಿ."

ಅವನು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ.

"ತಪ್ಪು ತಿಳೀಬ್ಯಾಡ್ರಿ ಸರ. ಪಾರ್ಟಿಷನ್ ಅಂದ್ರ ಕಣ್ಣಿದ್ದವರಿಗೇ ಕೈ ನಡಗ್ತದ. ಒಂದು ಎಂಟರ್ ತಪ್ಪಿದ್ರ ಎಲ್ಲಾ ಖತಂ. ನೀವು ಹ್ಯಾಂಗ ಮಾಡ್ತೀರಿ?"

"ಕೇಳ್ಕೋತ ಮಾಡ್ತೀನ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಆ ಕೆಲಸ ಹಾಗೇ ಆಗುವುದು. ಲಿನಕ್ಸ್ ಹಾಕುವ ಪೆನ್‌ಡ್ರೈವ್‌ಗಳಲ್ಲಿ ಕೆಲವು ಮೊದಲಿನಿಂದಲೇ ಮಾತಾಡುತ್ತವೆ ಎಂದು ನನಗೆ ಗೊತ್ತಿತ್ತು. ಅಂಗಡಿಯಲ್ಲಿ ಅವನ ಕಂಪ್ಯೂಟರಿನಿಂದಲೇ ಅದನ್ನು ಇಳಿಸಿ ಪೆನ್‌ಡ್ರೈವ್‌ಗೆ ತುಂಬಿಸಿಕೊಂಡೆ. ಅವನು ನಮ್ಮ ಡಬ್ಬಿಯನ್ನು ಬಸ್ ನಿಲ್ದಾಣದ ತನಕ ತಾನೇ ಹೊತ್ತು ತಂದ.

ಮನೆಗೆ ಬಂದ ಮೇಲೆ ಮೊದಲ ಗಂಡಾಂತರ ಶುರುವಿನಲ್ಲೇ ಇತ್ತು. ಯಂತ್ರ ಪೆನ್‌ಡ್ರೈವ್‌ನಿಂದ ಏಳಬೇಕಾದರೆ, ಚಾಲೂ ಆದ ಕೂಡಲೆ ಬರುವ ಒಂದು ಪಟ್ಟಿಯಲ್ಲಿ ಅದನ್ನು ಆರಿಸಬೇಕು. ಆ ಪಟ್ಟಿ ಮಾತಾಡುವುದಿಲ್ಲ. ತಂಗಿಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಕ್ಷರ ಮಾತ್ರ ಗೊತ್ತು. ನಾನು ಕೀಲಿ ಒತ್ತುತ್ತ ಹೋದೆ, ಅವಳು ಒಂದೊಂದೇ ಅಕ್ಷರ ಹೇಳುತ್ತ ಹೋದಳು.

"ಎಚ್. ಡಿ. ಡಿ."

"ಅದಲ್ಲ. ಕೆಳಗ?"

"ಯು. ಎಸ್. ಬಿ."

"ಅದೇ."

ಸ್ವಲ್ಪ ಹೊತ್ತಿಗೆ ಆ ನೆಗಡಿಯ ದನಿ ಬಂತು. ತಂಗಿ ಚಪ್ಪಾಳೆ ತಟ್ಟಿದಳು. "ಬಂತು ನೋಡು ನಿನ್ನ ಕಾಗಿ," ಎಂದಳು. ಅವತ್ತು ಅವಳಿಗೂ ಆ ದನಿ ಕೇಳಿ ಖುಷಿಯಾಗಿತ್ತು.

ಹೊಸದನ್ನು ಹಾಕುವ ಮೊದಲು, ಪೆನ್‌ಡ್ರೈವ್‌ನಲ್ಲಿದ್ದ ತಾತ್ಕಾಲಿಕ ವ್ಯವಸ್ಥೆಯಿಂದಲೇ ಹಳೆಯ ಡಿಸ್ಕನ್ನು ತೆರೆದೆ. ಪಾಠಗಳು ಇದ್ದವು. ಎಲ್ಲವನ್ನೂ ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಅದು ಮುಗಿಯುವವರೆಗೆ ತಂಗಿ ಸೀರೆಯ ಮೇಲಿನ ಒಂದು ಜಂಪರ್ ಪೂರ್ತಿ ಹೊಲಿದಳು. ಆಮೇಲೆ ಮೂಲವನ್ನೂ ನಕಲನ್ನೂ ಹೋಲಿಸಿ ನೋಡು ಎಂದು ಆದೇಶ ಕೊಟ್ಟೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಮಾತ್ರ ಆ ಆದೇಶ ಏನಾದರೂ ಹೇಳುತ್ತದೆ. ಅದು ಏನೂ ಹೇಳದೆ ಮುಗಿಯಿತು. ಯಂತ್ರ ಸುಮ್ಮನಿದ್ದದ್ದು ನನಗೆ ಹಿತವಾದದ್ದು ಅದೊಂದೇ ಸಲ. ಆದರೂ ಮನಸ್ಸು ಒಪ್ಪದೆ, ಪ್ರತಿ ವಿಷಯದಿಂದ ಒಂದೊಂದು ಪಾಠ ತೆಗೆದು ಕೇಳಿದೆ. ಅಕ್ಕೋರು ಓದುತ್ತಿದ್ದರು. ಹಿಂದೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು.

ಈಗ ಡಿಸ್ಕಿನ ಹಂಚಿಕೆ ಯೋಚಿಸಬೇಕಿತ್ತು. ಕಣ್ಣಿರುವವರಿಗೆ ಪರದೆಯ ಮೇಲೆ ಬಣ್ಣದ ಪಟ್ಟಿ ಕಾಣುತ್ತದಂತೆ. ಯಾವ ತುಂಡು ಎಷ್ಟು ಅಗಲ, ಯಾವುದರ ಪಕ್ಕ ಯಾವುದು ಎಂದು ಒಂದೇ ನೋಟಕ್ಕೆ ತಿಳಿಯುತ್ತದಂತೆ. ನನಗೆ ಒಂದು ಸಾಲಿನ ನಂತರ ಇನ್ನೊಂದು ಸಾಲು ಕೇಳುತ್ತದೆ. ಐದನೆಯದು ಬರುವಷ್ಟರಲ್ಲಿ ಮೊದಲನೆಯದರ ಅಳತೆ ತಲೆಯಿಂದ ಜಾರಿರುತ್ತದೆ. ಕೈಗೆ ಸಿಗುವಂಥದ್ದು ಏನಾದರೂ ಬೇಕಾಗಿತ್ತು. ತಂಗಿಯ ಅಳತೆ ಟೇಪು ಕೇಳಿದೆ.

"ಯಾಕ?"

"ಡಿಸ್ಕು ಅಳೀಬೇಕು."

ಟೇಪು ಅರವತ್ತು ಇಂಚು, ನನ್ನ ಡಿಸ್ಕು ಐನೂರು ಜಿಬಿ. ಇಂಚಿಗೆ ಎಂಟು ಜಿಬಿಯ ಮೇಲೆ ಚೂರು. ನೆಲದ ಮೇಲೆ ಟೇಪು ಹಾಸಿ ಇಬ್ಬರೂ ಕೂತೆವು. ನಾನು ಇಂಚು ಹೇಳುವುದು, ಅವಳು ಅಲ್ಲಿ ಪಿನ್ನು ಚುಚ್ಚುವುದು. ಯಂತ್ರ ಏಳಲು ಬೇಕಾದ ಮೊದಲ ತುಂಡು ಬಲು ಸಣ್ಣದು. ಟೇಪಿನ ತುದಿಗಿರುವ ತಗಡಿನಷ್ಟೂ ಬೇಡ. ಮೆಮೊರಿ ಸಾಲದಾದಾಗ ಬಳಸಿಕೊಳ್ಳುವ ಸ್ವಾಪ್‌ಗೆ ಒಂದು ಇಂಚು. ಆಮೇಲೆ ವ್ಯವಸ್ಥೆಗೆ ಐದು ಇಂಚು. ಮಾತಾಡುವ ದನಿ ಇರುವುದು ಇದರಲ್ಲಿ. ಇದಕ್ಕೆ ಗೋಡೆ ಕಟ್ಟಿಬಿಟ್ಟರೆ, ಪಾಠಗಳು ಆ ಕಡೆ ಎಷ್ಟೇ ತುಂಬಲಿ, ಈ ಕಡೆಯ ಜಾಗ ಹಾಗೇ ಉಳಿಯುತ್ತದೆ.

ತಂಗಿ ಟೇಪನ್ನು ನೋಡುತ್ತ ಕೇಳಿದಳು: "ಇಷ್ಟುದ್ದದಾಗ ನಿನ್ನ ಮಾತಿಗಿ ಐದ ಇಂಚು ಸಾಕೇನು?"

"ಸಾಕು. ಉಳದದ್ದು ಅಕ್ಕೋರಿಗೆ."

"ಮುಂದ ಸಾಲಲಿಲ್ಲಂದ್ರ?"

"ತುದಿಗಿ ಒಂದಿಷ್ಟು ಖಾಲಿ ಬಿಟ್ಟಿರ್ತೀನಿ."

"ಕಂಕಳದಾಗ ಬಿಗಿ ಆದ್ರ ಸೆರಗಿನ ತುದಿಗಿ ಬಟ್ಟಿ ಇದ್ದು ಏನ್ ಮಾಡ್ತಿ? ಹೊಲಿಗಿ ಮಗ್ಗಲಕ್ಕೇ ಬಿಡಬೇಕಲ್ಲ."

ಅವಳು ಹೇಳಿದ್ದು ಬಟ್ಟೆಯ ಮಾತು. ಆದರೆ ಡಿಸ್ಕಿನಲ್ಲೂ ಅದು ಹಾಗೇ. ಒಂದು ತುಂಡನ್ನು ಹಿಗ್ಗಿಸಬೇಕಾದರೆ ಖಾಲಿ ಜಾಗ ಅದರ ಬೆನ್ನಿಗೇ ಇರಬೇಕು. ದೂರದ ತುದಿಯಲ್ಲಿದ್ದರೆ ನಡುವಿನ ಪಾಠಗಳನ್ನೆಲ್ಲ ಸರಿಸಬೇಕಾಗುತ್ತದೆ. ಐದು ಇಂಚಿನ ಪಿನ್ನಿನ ಪಕ್ಕದಲ್ಲೇ ನಾಲ್ಕು ಇಂಚು ಖಾಲಿ ಬಿಟ್ಟು, ಇನ್ನೊಂದು ಪಿನ್ನು ಹಾಕಿಸಿದೆ. ಅಲ್ಲಿಂದ ಟೇಪಿನ ಕೊನೆಯವರೆಗೂ ಪಾಠಗಳಿಗೆ. ದನಿ ಕೆಡದಂತೆ ಫೈಲುಗಳನ್ನು ಅರ್ಧದಷ್ಟಕ್ಕೆ ಕುಗ್ಗಿಸಿ ಇಡಬೇಕೆಂದಿದ್ದೆ, ಹಾಗಾಗಿ ಅಷ್ಟು ಜಾಗ ಧಾರಾಳವಾಗಿತ್ತು. ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಸವರಿದೆ. ನನ್ನ ಡಿಸ್ಕು ಪೂರ್ತಿಯಾಗಿ ಒಮ್ಮೆಲೇ ನನಗೆ ಸಿಕ್ಕದ್ದು ಆಗಲೇ.

ಮರುದಿನ ಕಾಲೇಜಿಗೆ ರಜೆ ಇತ್ತು. ರೊಟ್ಟಿ ತಿಂದು, ತಂಗಿಗೆ ಮಷಿನ್ ತುಳಿಯಬೇಡ ಎಂದು ಹೇಳಿ ಕೂತೆ. ಎಡಗೈಯಲ್ಲಿ ಟೇಪು, ಬಲಗೈ ಕೀಲಿಮಣೆಯ ಮೇಲೆ. ಲಿನಕ್ಸ್ ಹಾಕುವ ಈ ಕ್ರಮದಲ್ಲಿ ಯಂತ್ರ ಪ್ರಶ್ನೆ ಕೇಳುತ್ತದೆ, ಉತ್ತರಗಳಿಗೆ ಅಂಕಿ ಇರುತ್ತದೆ, ನಾವು ಅಂಕಿ ಒತ್ತುತ್ತ ಹೋಗಬೇಕು. ಭಾಷೆ, ಕೀಲಿಮಣೆ, ಹೆಸರು ಎಲ್ಲ ಸಲೀಸಾಗಿ ಮುಗಿದವು. ಡಿಸ್ಕುಗಳ ಪಟ್ಟಿ ಬಂತು. ಐನೂರು ಜಿಬಿಯ ಒಂದು ಡಿಸ್ಕು ಎಂದಿತು ದನಿ. ಅದರ ಕೆಳಗೆ ಐನೂರು ಜಿಬಿಯ ಇನ್ನೊಂದು ಡಿಸ್ಕು ಎಂದಿತು.

ನನ್ನ ಕೈ ಕೀಲಿಯಿಂದ ತಾನಾಗೇ ಮೇಲೆದ್ದಿತು.

"ಆ ಹೊಸಾ ಡಿಸ್ಕಿನ ವಾಯರು ಇನ್ನಾ ಹಚ್ಚೇ ಐತೇನು?"

ತಂಗಿ ಬಂದು ನೋಡಿದಳು. "ಹ್ಞೂ. ನೀ ತಗಿ ಅಂದಿಲ್ಲಲ್ಲ."

"ಈಗ ತಗಿ. ತಗದು ಅಲಮಾರ್‍ಯಾಗ ಇಟ್ಟು ಕೀಲಿ ಹಾಕು."

ಅಲಮಾರಿಯ ಬೀಗ ತಿರುಗಿದ ಸಪ್ಪಳ ಕೇಳಿದ ಮೇಲೆ ಯಂತ್ರವನ್ನು ಬಂದ್ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿದೆ. ಮತ್ತೆ ಎಚ್ ಡಿ ಡಿ, ಮತ್ತೆ ಯು ಎಸ್ ಬಿ. ಈ ಸಲ ಐನೂರರ ಡಿಸ್ಕು ಒಂದೇ ಇತ್ತು, ಜೊತೆಗೆ ಚಿಕ್ಕ ಪೆನ್‌ಡ್ರೈವ್. ಎರಡಕ್ಕೂ ಅಳತೆಯಲ್ಲಿ ಅಜಗಜಾಂತರ, ತಪ್ಪುವ ಮಾತೇ ಇಲ್ಲ.

ಹಳೆಯ ತುಂಡು ತೆಗೆದು ಹೊಸವನ್ನು ಮಾಡುತ್ತ ಹೋದೆ. ಪ್ರತಿ ತುಂಡಿಗೂ ಅಳತೆ ಕೇಳುತ್ತದೆ. ಆಮೇಲೆ ಖಾಲಿ ಜಾಗದ ಮೊದಲಿಗೆ ಇಡಲೋ ಕೊನೆಗೆ ಇಡಲೋ ಎಂದು ಕೇಳುತ್ತದೆ. ಮೊದಲಿಗೆ, ಮೊದಲಿಗೆ, ಮೊದಲಿಗೆ ಎನ್ನುತ್ತ ಬಂದವನು ಪಾಠಗಳ ತುಂಡಿಗೂ ಅದನ್ನೇ ಒತ್ತಿದೆ. ಪಟ್ಟಿಯನ್ನು ಮತ್ತೆ ಓದಿಸಿದೆ. ದನಿ ಒಂದೊಂದು ಸಾಲು ಹೇಳಿದಂತೆ ಬೆರಳು ಒಂದೊಂದು ಪಿನ್ನು ದಾಟಿತು. ವ್ಯವಸ್ಥೆ ಆಯಿತು. ಆಮೇಲೆ ಖಾಲಿ ಜಾಗ ಬರಬೇಕಾದಲ್ಲಿ ದನಿ ಪಾಠಗಳ ತುಂಡಿನ ಹೆಸರು ಹೇಳಿತು. ಬೆರಳು ಇದ್ದದ್ದು ಖಾಲಿ ನಾಲ್ಕು ಇಂಚಿನ ಮೇಲೆ.

ಒಳ್ಳೆಯ ಸಂಗತಿ ಎಂದರೆ, ಕೊನೆಯಲ್ಲಿ ಎಲ್ಲ ಬರೆದುಬಿಡಲೇ ಎಂದು ಕೇಳಿ, ನಾವು ಹೌದು ಎನ್ನುವವರೆಗೆ ಅದು ಡಿಸ್ಕನ್ನು ಮುಟ್ಟುವುದಿಲ್ಲ. ಆ ತುಂಡನ್ನು ಅಳಿಸಿ ಮತ್ತೆ ಮಾಡಿದೆ, ಕೊನೆಗೆ ಎಂದು ಹೇಳಿದೆ. ಇನ್ನೊಮ್ಮೆ ಓದಿಸಿದೆ. ಸಣ್ಣ ತುಂಡು, ಸ್ವಾಪ್, ವ್ಯವಸ್ಥೆ, ಖಾಲಿ, ಪಾಠಗಳು. ಬೆರಳಿಗೂ ಕಿವಿಗೂ ಒಂದೇ ಉತ್ತರ ಬಂತು.

"ಬರೀಲೇನಂತ ಕೇಳಾಕತ್ತೈತಿ," ಎಂದೆ ತಂಗಿಗೆ.

"ಬರಿ ಅನ್ನು."

ಬರಿ ಎಂದೆ.

ಮಧ್ಯಾಹ್ನದ ಊಟಕ್ಕೆ ಮೊದಲು ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಚಾಲೂ ಮಾಡಿದೆ. ಈ ಸಲ ಯಾವ ಪಟ್ಟಿಯನ್ನೂ ಯಾರೂ ಓದಬೇಕಾಗಲಿಲ್ಲ. ಪಾಸ್‌ವರ್ಡ್ ಬಡಿ ಎಂದು ಅದೇ ಹೇಳಿತು. ತಂಗಿ ಮುಂದಿನ ಕೋಣೆಯಿಂದ "ಇನ್ನ ತುಳೀಲೇನು?" ಎಂದು ಕೇಳಿದಳು. ತುಳಿ ಎಂದೆ. ಮಷಿನ್ನಿನ ಸದ್ದಿನ ನಡುವೆ ಕೂತು, ಹೊರಗಿನ ಡಿಸ್ಕಿನಿಂದ ಪಾಠಗಳನ್ನು ಕುಗ್ಗಿಸಿ ಅವುಗಳ ಹೊಸ ಜಾಗಕ್ಕೆ ತಂದೆ. ಆ ನಕಲನ್ನು ಅಳಿಸದೆ ತಿರುಗಿ ಅಲಮಾರಿಯಲ್ಲೇ ಇಟ್ಟೆ. ಗೋಡೆ ಎಷ್ಟೇ ಗಟ್ಟಿಯಿದ್ದರೂ ಡಿಸ್ಕೇ ಕೆಟ್ಟರೆ ಅದು ಕಾಯುವುದಿಲ್ಲ.

ಆ ವಾರವೇ ಗೋಗಿಯ ಹುಡುಗಿಗೆ ಉಳಿದ ಪಾಠಗಳನ್ನು ಮೆಮೊರಿ ಕಾರ್ಡಿನಲ್ಲಿ ಹಾಕಿ ಕೊಟ್ಟೆ. ಅವಳು ಪರೀಕ್ಷೆ ಬರೆದಳು, ಪಾಸಾದಳು, ತನ್ನ ಊರಿನಿಂದ ಶೇರ್ ಆಟೋ ಹಿಡಿದು ಶಹಾಪುರದ ಪದವಿ ಕಾಲೇಜಿಗೆ ಬರತೊಡಗಿದಳು.

ಅಕ್ಕೋರಿಗೆ ನಡೆದದ್ದನ್ನು ಹೇಳಲು ಯಾದಗಿರಿಗೆ ಹೋದೆ. ಅವರು ನನ್ನ ಕಿವಿಯ ಹತ್ತಿರ ಬಾಗಿ ಮಾತಾಡಿದರು.

"ಎಷ್ಟು ಜಾಗ ಉಳಿದದರಿ ಇನ್ನಾ?"

"ಭಾಳ ಉಳದದ್ರಿ ಅಕ್ಕೋರೆ. ಆದರ ಓದವರಿಲ್ಲ."

"ಓದವರನ್ನ ನಾ ತರ್ತೀನಿ. ನೀವು ರೆಕಾರ್ಡರ್ ತರ್ರಿ."

ತಾವು ಹಿಂದೆ ಕಲಿಸಿದ, ಈಗ ಊರಲ್ಲಿ ಶಿಕ್ಷಕಿಯರಾಗಿರುವ ಮೂವರನ್ನು ಅವರು ಮನೆಗೆ ಕರೆಸಿದರು. ಪ್ರತಿ ರವಿವಾರ ಅವರು ಓದುವುದು, ಅಕ್ಕೋರು ಪಕ್ಕದಲ್ಲಿ ಕೂರುವುದು. ಓಟ ಹೆಚ್ಚಾದರೆ ಟೇಬಲ್ ಮೇಲೆ ಬೆರಳಿನಿಂದ ಒಮ್ಮೆ ಕುಟ್ಟುತ್ತಾರೆ. ಓದುತ್ತಿದ್ದವರು ನಿಲ್ಲುತ್ತಾರೆ, ಉಸಿರು ತಗೊಂಡು ಆ ಸಾಲನ್ನು ಮತ್ತೆ ಓದುತ್ತಾರೆ. ಕೆಲವು ಫೈಲುಗಳಲ್ಲಿ ಆ ಕುಟ್ಟಿದ ಸದ್ದು ಉಳಿದಿದೆ. ಕತ್ತರಿಸಿ ತೆಗೆಯಬಹುದಿತ್ತು, ತೆಗೆದಿಲ್ಲ.

ಮೂವರ ಓದು ಸೇರಿ ಪಾಠಗಳ ತುಂಡು ನಾನಂದುಕೊಂಡದ್ದಕ್ಕಿಂತ ಬೇಗ ತುಂಬಿತು. ಒಂದು ದಿನ ನಕಲು ಮಾಡುತ್ತಿದ್ದಾಗ ಜಾಗವಿಲ್ಲ ಎಂದಿತು ಯಂತ್ರ.  ಬೇಕೆಂದೇ ಯಂತ್ರವನ್ನು ಬಂದ್ ಮಾಡಿದೆ, ಬೇಕೆಂದೇ ತಿರುಗಿ ಚಾಲೂ ಮಾಡಿದೆ. ಡಿಸ್ಕು ಕರಕರ ಎಂದಿತು. ಪಾಸ್‌ವರ್ಡ್ ಬಡಿ ಎಂದಿತು ದನಿ, ಏನೂ ಆಗದವರಂತೆ. ಎಲ್ಲಿ ಎಷ್ಟು ತುಂಬಿದೆ ಹೇಳು ಎಂದು ಕೇಳಿದೆ. ಪಾಠಗಳು ನೂರಕ್ಕೆ ನೂರು, ವ್ಯವಸ್ಥೆ ಅರ್ಧಕ್ಕಿಂತ ಕಡಿಮೆ ಎಂದಿತು. ನಾನು ಅಂದು ಇನ್ನೂ ದೊಡ್ಡ ಡಿಸ್ಕು ತರುವ ಬಗ್ಗೆ ಯೋಚಿಸುತ್ತ ನಿಶ್ಚಿಂತೆಯಿಂದ ಚಹಾ ಕುಡಿದೆ.

ಗೋಗಿಯ ಹುಡುಗಿ ಈಚೆಗೆ ಒಂದು ಹಳೆಯ ಲ್ಯಾಪ್‌ಟಾಪ್ ತಂದಿದ್ದಾಳೆ. ಡಿಸ್ಕು ಸಣ್ಣದು. ನಾನು ಹಂಚಿಕೆ ಹೇಳಲು ಶುರು ಮಾಡಿದರೆ ನಡುವೆಯೇ ತಡೆದಳು.

"ಸ್ವಾಪ್‌ಗೆ ಬ್ಯಾರೆ ತುಂಡು ಬ್ಯಾಡ್ರಿ ಸರ. ಸಿಸ್ಟಮ್ ಒಳಗೇ ಒಂದು ಫೈಲ್ ಮಾಡಿ ಅದನ್ನೇ ಸ್ವಾಪ್ ಮಾಡ್ತೀನಿ. ಬೇಕಾದಾಗ ದೊಡ್ಡದು ಸಣ್ಣದು ಮಾಡ್ಬಹುದು."

"ಅದನ್ನ ಯಾರು ಹೇಳಿದ್ರು?"

"ಓದೀನ್ರಿ. ಮತ್ತ ಖಾಲಿ ಜಾಗಾನೂ ಬಿಡಂಗಿಲ್ಲ. ಇಷ್ಟ ಸಣ್ಣ ಡಿಸ್ಕಿನಾಗ ಖಾಲಿ ಬಿಟ್ರ ನನ್ನ ಪುಸ್ತಕ ಎಲ್ಲಿಡ್ಲಿ?"

"ಮುಂದ ಬಿಗಿ ಆದ್ರ?"

"ಆಗ ನೋಡ್ಕೋತೀನ್ರಿ. ಮಾತಿಗೆ ಮಾತ್ರ ಬ್ಯಾರೆ ತುಂಡು ಇಡ್ತೀನಿ, ಅದು ನೀವಂದಂಗೇ."

ಸ್ವಲ್ಪ ವಾದ ಮಾಡಿದೆ. ಖಾಲಿ ಜಾಗದ ವಿಷಯದಲ್ಲಿ ಅವಳು ತಪ್ಪು ಎಂದೇ ನನಗೆ ಈಗಲೂ ಅನಿಸುತ್ತದೆ. ಆದರೆ ಲ್ಯಾಪ್‌ಟಾಪ್ ಅವಳದು. ಪೆನ್‌ಡ್ರೈವ್ ಕೊಟ್ಟು ಕುರ್ಚಿಯಿಂದ ಎದ್ದೆ. ಅವಳು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತಳು, ದನಿಯ ವೇಗವನ್ನು ನನಗೆ ಅರ್ಥವಾಗದಷ್ಟು ಹೆಚ್ಚಿಸಿಕೊಂಡಳು, ಮತ್ತು ಮೊದಲ ಅಂಕಿ ಒತ್ತಿದಳು.